ಜಕ್ಕಿಯಬ್ಬೆಯ ಹೆಸರೂ ದಾನಫಲಕದ ಮೌನವೂ

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿಯಲ್ಲಾಗಲಿ, ನೆರೆಯ ತಿರುಮಕೂಡಲು ನರಸೀಪುರದ ಸೀಮೆಯಲ್ಲಾಗಲಿ, ಹಳ್ಳಿಯ ಜಗುಲಿಯೊಂದರ ಮೇಲೆ ಕುಳಿತು ಹಿರಿಯ ಹೆಂಗಸರ ಹೆಸರುಗಳನ್ನು ವಿಚಾರಿಸಿದರೆ ನಂಜಮ್ಮ, ಮಹದೇವಮ್ಮ, ಕೆಂಪಮ್ಮ, ಚಿಕ್ಕತಾಯಮ್ಮ ಎಂಬ ಹೆಸರುಗಳೇ ಮೊದಲು ಕಿವಿಗೆ ಬೀಳುತ್ತವೆ. ನಂಜಮ್ಮನ ಹೆಸರಿನ ಹಿಂದೆ ಕಪಿಲೆಯ ದಡದ ನಂಜುಂಡೇಶ್ವರನಿದ್ದಾನೆ. ಮಹದೇವಮ್ಮನ ಹೆಸರಿನ ಹಿಂದೆ ಏಳುಮಲೆಯ ಮಾದಪ್ಪನಿದ್ದಾನೆ. ಪಟ್ಟಣಕ್ಕೆ ಹೋದ ಮೊಮ್ಮಕ್ಕಳು ಈ ಹೆಸರುಗಳನ್ನು ಕೇಳಿ ನಗಬಹುದು. ಆದರೆ ಹೊತ್ತವಳಿಗೆ ತನ್ನ ಹೆಸರು ಎಲ್ಲಿಂದ ಬಂದಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜಾತ್ರೆಯ ದಿನ ತೇರು ಎಳೆಯುವಾಗ ಅದು ಅವಳಿಗೆ ತಾನಾಗಿ ತಿಳಿಯುತ್ತದೆ.

ಇದೇ ಸೀಮೆ ಒಂದು ಕಾಲಕ್ಕೆ ಗಂಗವಾಡಿಯ ಹೃದಯವಾಗಿತ್ತು. ಗಂಗರ ರಾಜಧಾನಿ ತಲಕಾಡು ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ಅದೇ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ 9ನೆಯ ಶತಮಾನದ ನಿಷಿಧಿಗಲ್ಲು ಗಂಗರಾಜ ಎರೆಗಂಗ ನೀತಿಮಾರ್ಗನ ಮರಣವನ್ನು ಸ್ಮರಿಸುತ್ತದೆ. ಮರಣಶಯ್ಯೆಯಲ್ಲಿರುವ ಅರಸನ ಜೊತೆಗೆ ಅವನ ಮನೆಯ ಸೇವಕ ಅಗರಯ್ಯನ ಹೆಸರೂ ಆ ಕಲ್ಲಿನಲ್ಲಿದೆ. ಸಾವಿರ ವರ್ಷಕ್ಕೂ ಹಿಂದೆ, ಅರಸನ ಕಲ್ಲಿನಲ್ಲಿ ಸೇವಕನ ಹೆಸರಿಗೆ ಜಾಗವಿತ್ತು! ಇಂದಿನ ಬಸದಿಗಳ ದಾನಫಲಕಗಳಲ್ಲಿ ದಾನ ಕೊಟ್ಟ ಹೆಂಗಸಿನ ಸ್ವಂತ ಹೆಸರಿಗೆ ಅಷ್ಟು ಜಾಗ ಸಿಗುತ್ತಿದೆಯೇ ಎಂಬುದು ಇಲ್ಲಿ ಎತ್ತಬೇಕಾಗಿರುವ ಪ್ರಶ್ನೆ. ಆ ಪ್ರಶ್ನೆಯನ್ನು ಎತ್ತಲು ಒಂದು ಹಳೆಯ ಹೆಸರನ್ನು ಹಿಡಿದು ಹೊರಡುವುದು ಸೂಕ್ತ. ಆ ಹೆಸರು ಜಕ್ಕಿಯಬ್ಬೆ.

ಸಂಸ್ಕೃತದ ಯಕ್ಷ ಪ್ರಾಕೃತದ ದಾರಿಯಲ್ಲಿ ಕನ್ನಡಕ್ಕೆ ಬಂದು ಜಕ್ಕನಾದನು, ಯಕ್ಷಿ ಜಕ್ಕಿಯಾದಳು. ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಮಾತಿನಲ್ಲಿ ತಾಯಿಯನ್ನು ಇಂದಿಗೂ ಅಬ್ಬೆ ಎಂದೇ ಕರೆಯುತ್ತಾರೆ. ಮೈಸೂರು ಸೀಮೆಯ ಹಳ್ಳಿಯ ಮಗು ಹೊಸ್ತಿಲಲ್ಲಿ ನಿಂತು ಕೂಗುವ ಅವ್ವ ಎಂಬ ಮಾತೂ ಆ ಪದದ ಮಗಳೇ. ಹೀಗೆ ಜಿನಶಾಸನವನ್ನು ಕಾಯುವ ಯಕ್ಷಿಯನ್ನೂ ಹೆತ್ತ ತಾಯಿಯನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಹೆಸರಿದು. ಜಕ್ಕಿಯಬ್ಬೆ, ಜಕ್ಕಿಮವ್ವೆ, ಜಕ್ಕವ್ವ, ಬರಿಯ ಜಕ್ಕಿ ಎಂದು ಅದರ ರೂಪಗಳು ಹಲವು.

ಹತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಕನ್ನಡ ನಾಡಿನ ಜೈನ ಮನೆಗಳಲ್ಲಿ ಈ ಹೆಸರು ಎಷ್ಟು ಬಳಕೆಯಲ್ಲಿತ್ತೆಂಬುದಕ್ಕೆ ಶಾಸನ ಕಾವ್ಯಗಳೆರಡೂ ಸಾಕ್ಷಿ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿಗೆ ಬಂದಿತು. ಅವಳೇ ಜಕ್ಕಿಯಬ್ಬೆ. ನಾಡನ್ನು ಸಮರ್ಥವಾಗಿ ಆಳಿದಳೆಂದೂ, ದೇಹ ಬಳಲಿದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ಮುಡಿಪಿದಳೆಂದೂ ಶಾಸನ ತಿಳಿಸುತ್ತದೆ. ಇಂದು ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಂದಳಿಕೆಯೇ ಆ ಬಂದಣಿಕೆ. ಕವಿರತ್ನ ರನ್ನನ ಇಬ್ಬರು ಹೆಂಡತಿಯರಲ್ಲಿ ಒಬ್ಬಳು ಜಕ್ಕಿ, ಇನ್ನೊಬ್ಬಳು ಶಾಂತಿ. ಬಿಳಿಗೆರೆಯವರಿಗೆ ದೂರವಲ್ಲದ ಚಾಮರಾಜನಗರ ಹಿಂದೆ ಅರಕೊಠಾರವೆನಿಸಿದ್ದಾಗ ಅಲ್ಲಿ ಬಸದಿ ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ. ಅವನ ಹೆಂಡತಿಯೂ ಜಕ್ಕಿಯಬ್ಬೆ, ಅವಳೂ ಬಸದಿ ಮಾಡಿಸಿದವಳು.

ಶ್ರವಣಬೆಳಗೊಳಕ್ಕೆ ಹೋಗಿ ಬರುವ ಸಹಸ್ರಾರು ಯಾತ್ರಿಕರಲ್ಲಿ ಭಂಡಾರಿ ಬಸದಿಯ ಬಳಿಯ ಜಕ್ಕಿಕಟ್ಟೆಯನ್ನು ನಿಂತು ನೋಡುವವರು ವಿರಳ. ಚಿಕ್ಕದೊಂದು ಕೊಳ. ದಡದ ಬಂಡೆಗಳಲ್ಲಿ ಜಿನಬಿಂಬಗಳನ್ನು ಕಡೆದು ಶಾಸನ ಬರೆಸಿದ್ದಾರೆ. ಗಂಗರಾಜನ ಅಣ್ಣನ ಹೆಂಡತಿಯೂ ದಂಡನಾಯಕ ಬೊಪ್ಪದೇವನ ತಾಯಿಯೂ ಶುಭಚಂದ್ರ ಸಿದ್ಧಾಂತದೇವರ ಗುಡ್ಡಿಯೂ ಆದ ಜಕ್ಕಿಮವ್ವೆ ಈ ಕೆರೆಯನ್ನು ಕಟ್ಟಿಸಿದಳೆಂಬುದು ಅದರ ಸಾರ. ಮೈದುನ ಹೊಯ್ಸಳ ರಾಜ್ಯದ ಮಹಾದಂಡನಾಯಕ. ಅಂಥ ಮನೆಯಲ್ಲಿ ಹೆಂಗಸಿನ ದಾನವನ್ನು ಮನೆಯ ಯಜಮಾನನ ಹೆಸರಿಗೆ ಹಾಕಿಬಿಡುವುದು ಅಂದಿಗೂ ಸುಲಭವಾಗಿತ್ತು. ಹಾಗಾಗಲಿಲ್ಲ. ಗಂಡ, ಮಗ, ಮೈದುನ, ಗುರು ಎಲ್ಲರೂ ಅಲ್ಲಿ ಬರುತ್ತಾರೆ. ಆದರೆ ಅವಳನ್ನು ಪರಿಚಯಿಸಲು ಬರುತ್ತಾರೆ, ಅವಳ ಸ್ಥಾನದಲ್ಲಿ ನಿಲ್ಲಲು ಬರುವುದಿಲ್ಲ. ಒಂಬೈನೂರು ವರ್ಷ ಕಳೆದರೂ ಊರವರ ಬಾಯಲ್ಲಿ ಅದು ಜಕ್ಕಿಯ ಕಟ್ಟೆ.

ಜಕ್ಕಿಯೊಬ್ಬಳ ಮಾತಲ್ಲ ಇದು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಗಂಗರಾಜನ ತಾಯಿ ಪೋಚವ್ವೆ, ಶಾಂತಲೆಯ ತಾಯಿ ಮಾಚಿಕಬ್ಬೆ. ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲನ್ನು ಲೋಚ ಮಾಡಿಕೊಂಡು ಮೂವತ್ತು ವರ್ಷ ತಪವಿದ್ದು 971ರಲ್ಲಿ ಮುಡಿಪಿದಳು. ಸಾವಿಯಬ್ಬೆ ಗಂಡನ ಜೊತೆ ಕುದುರೆಯೇರಿ ಯುದ್ಧಕ್ಕೆ ಹೋದವಳು. ಅವಳ ಕಲ್ಲೂ ಬೆಳಗೊಳದಲ್ಲಿದೆ. ಅಬ್ಬೆ ಎಂಬ ಆ ಎರಡಕ್ಷರ ಅಂದಿನ ಶ್ರಾವಿಕೆಯರ ಬಿರುದಿನಂತಿತ್ತು.

ಹೆಸರೊಂದು ಹೇಗೆ ಮನೆಯಿಂದ ಮನೆಗೆ ಹಬ್ಬುತ್ತದೆಂಬುದಕ್ಕೆ ರನ್ನನ ಮನೆಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನನ್ನು ಚಾವುಂಡರಾಯ ಪೊರೆದನು. ಮುಂದೆ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಆತ ಅಜಿತಪುರಾಣವನ್ನು ಮುಗಿಸಿದ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳ, 1007ರಲ್ಲಿ ಲಕ್ಕುಂಡಿಯ ಬಸದಿಗೆ ದತ್ತಿ ಬಿಟ್ಟವಳ ಹೆಸರು ಒಬ್ಬ ಕವಿಯ ಮನೆಯ ತೊಟ್ಟಿಲಿಗೆ ಬಂದದ್ದು ಹೀಗೆ. ದಾನಿಯ ಹೆಸರು ಲೋಕಕ್ಕೆ ತಿಳಿದಿದ್ದರಿಂದಲೇ ಅದು ಸಾಧ್ಯವಾಯಿತು. ನಾಗದೇವನ ಧರ್ಮಪತ್ನಿ ಎಂದಷ್ಟೇ ತಿಳಿದಿದ್ದರೆ ರನ್ನ ಮಗಳಿಗೆ ಏನೆಂದು ಹೆಸರಿಡುತ್ತಿದ್ದ?

ಇಂದಿನ ಸ್ಥಿತಿ ಏನು? ಹಳೆಯ ಮೈಸೂರಿನ ಜೈನ ಮನೆಗಳಲ್ಲಿ ಅಜ್ಜಿಯರ ತಲೆಮಾರಿನವರೆಗೆ ಪದ್ಮಮ್ಮ, ಜ್ವಾಲಮ್ಮ, ಬ್ರಾಹ್ಮಿಲಮ್ಮ, ಮರುದೇವಮ್ಮ ಎಂಬ ಹೆಸರುಗಳಿದ್ದವು. ಅವೂ ಈಗ ವಿರಳವಾಗುತ್ತಿವೆ. ಜಕ್ಕಿಯಬ್ಬೆ ಎಂದು ಮಗುವಿಗೆ ಹೆಸರಿಡುವ ಮಾತನ್ನು ನಾಮಕರಣದ ಮನೆಯಲ್ಲಿ ಯಾರಾದರೂ ಆಡಿದರೆ ಅದನ್ನು ವಿನೋದವೆಂದೇ ತಿಳಿಯುತ್ತಾರೆ. ಈ ಅವನತಿಗೆ ಒಂದು ಕಾರಣ ಭಾಷೆಯಲ್ಲಿಯೇ ಇರಬೇಕು. ಯಕ್ಷಿಯಿಂದಲೇ ಬಂದ ಜಕ್ಕಿಣಿ ಎಂಬ ಮಾತು ಜನರ ನಡುವೆ ಕಾಡುವ ಹೆಣ್ಣು ದೆವ್ವ ಎಂಬ ಅರ್ಥಕ್ಕೆ ಇಳಿಯಿತು. ಬಸದಿಯಲ್ಲಿ ಕಾಯುವವಳು ಊರ ಹೊರಗೆ ಕಾಡುವವಳಾದಳು. ಹೆಸರಿನ ಮೇಲೆ ಆ ನೆರಳು ಬಿದ್ದ ಮೇಲೆ ತಾಯಂದಿರು ಹಿಂಜರಿದರೆ ಆಶ್ಚರ್ಯವಿಲ್ಲ.

ಆದರೆ ಹೀಗೆ ಹಿಂಜರಿಯುವವರು ಹೇಳಿಕೊಳ್ಳುವ ಕಾರಣ ಬೇರೆ. ಜಿನೇಶ್ವರನನ್ನೋ ಮಹಾಸತಿಯರನ್ನೋ ನೆನೆಯುವ ಹೆಸರು ಇಡಬೇಕೇ ಹೊರತು ಯಕ್ಷಿಯ ಹೆಸರನ್ನಿಡುವುದು ಮಿಥ್ಯಾತ್ವಕ್ಕೆ ದಾರಿ ಎನ್ನುವ ವಾದವೊಂದಿದೆ. ಶಾಸನದೇವತೆಗಳ ಪೂಜೆ ಎಷ್ಟು, ಹೇಗೆ ಎಂಬ ಚರ್ಚೆ ಜೈನರಲ್ಲಿ ಹಳೆಯದು. ಅದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಹೆಸರಿನ ಮಟ್ಟಿಗೆ ಮಾತ್ರ ಈ ವಾದ ನಿಲ್ಲುವಂಥದಲ್ಲ. ಪದ್ಮಾವತಿ ಪಾರ್ಶ್ವನಾಥನ ಯಕ್ಷಿ, ಜ್ವಾಲಾಮಾಲಿನಿ ಚಂದ್ರಪ್ರಭನ ಯಕ್ಷಿ. ಪದ್ಮಾವತಿ ಎಂದು ಹೆಸರಿಡಲು ಯಾವ ಮನೆಯೂ ಹೆದರಿದ್ದಿಲ್ಲ. ಸಂಸ್ಕೃತದಲ್ಲಿ ಒಪ್ಪಿತವಾದ ಯಕ್ಷಿ ಕನ್ನಡದಲ್ಲಿ ಮಿಥ್ಯಾತ್ವವಾಗುವುದು ಯಾವ ಆಗಮದ ಪ್ರಕಾರ? ಬಂದಣಿಕೆಯ ಜಕ್ಕಿಯಬ್ಬೆಯ ಹೆಸರು ಅವಳ ಸಮಾಧಿಮರಣಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬರುತ್ತಿರುವುದು ತತ್ತ್ವವಲ್ಲ; ಹೆಸರಿನ ಕನ್ನಡತನದ ಬಗೆಗಿನ ಸಂಕೋಚ. ನಂಜಮ್ಮನ ಹೆಸರು ಕೇಳಿ ಪಟ್ಟಣದ ಮೊಮ್ಮಗು ನಕ್ಕಂತೆಯೇ ಇದು.

ಅಷ್ಟಾದರೂ ಹೆಸರಿಡುವುದು ತಂದೆತಾಯಿಗಳ ಇಚ್ಛೆ. ಎರಡಕ್ಷರದ ನವೀನ ಹೆಸರೊಂದನ್ನು ಹುಡುಕಿ ತಂದು ಸಂತೋಷಪಡುವ ಮನೆಯವರನ್ನು ದೂಷಿಸಿ ಪ್ರಯೋಜನವಿಲ್ಲ. ದೂಷಿಸಬೇಕಾದದ್ದು ಬೇರೆಡೆ ಇದೆ. ತೊಟ್ಟಿಲಲ್ಲಿ ಯಾವ ಹೆಸರನ್ನಾದರೂ ಇಡಲಿ, ಆ ಹೆಸರಿನವಳು ಬೆಳೆದು, ದುಡಿದು, ಬಸದಿಗೆ ದಾನ ಕೊಟ್ಟಾಗ ಅದು ಎಲ್ಲಿಗೆ ಹೋಗುತ್ತದೆ?

ಜೀರ್ಣೋದ್ಧಾರಗೊಂಡ ಯಾವ ಬಸದಿಯ ಗೋಡೆಯನ್ನಾದರೂ ನೋಡಬಹುದು. ಹೊಳೆಯುವ ಕರಿಯ ಕಲ್ಲು, ಚಿನ್ನದ ಬಣ್ಣದ ಅಕ್ಷರ. ಶ್ರೀಯುತರ ಹೆಸರು, ತಂದೆಯ ಹೆಸರು, ಊರು, ಉದ್ಯೋಗ. ಕೊನೆಯಲ್ಲಿ ‘ಧರ್ಮಪತ್ನಿ ಮತ್ತು ಮಕ್ಕಳು’. ‘ದಿವಂಗತ ಇಂಥವರ ಸ್ಮರಣಾರ್ಥ ಅವರ ಧರ್ಮಪತ್ನಿ’ ಎಂಬ ಫಲಕದಲ್ಲಿ ಗತಿಸಿದವನಿಗೆ ಹೆಸರಿದೆ, ಬದುಕಿದ್ದು ಹಣ ಕೊಟ್ಟವಳಿಗೆ ಇಲ್ಲ. ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ಇಂದ್ರ ಇಂದ್ರಾಣಿಯರಾಗಿ ಕೂರುವವರನ್ನು ‘ಇಂಥವರ ದಂಪತಿಗಳು’ ಎಂದು ಮುದ್ರಿಸುತ್ತಾರೆ. ಪುರಾಣದ ಇಂದ್ರಾಣಿಗೆ ಶಚಿ ಎಂಬ ಹೆಸರುಂಟು. ಆ ಸ್ಥಾನದಲ್ಲಿ ಕೂತ ಶ್ರಾವಿಕೆಗೆ ಇಲ್ಲ. ಇದೇ ಸಮಾರಂಭದ ವೇದಿಕೆಯ ಮೇಲೆ ದಾನಚಿಂತಾಮಣಿ ಅತ್ತಿಮಬ್ಬೆಯ ಭಾವಚಿತ್ರಕ್ಕೆ ಹಾರ ಹಾಕಿರುತ್ತಾರೆ!

ಈ ಮೌನ ಕೇವಲ ಶಿಷ್ಟಾಚಾರದ ಕೊರತೆಯಲ್ಲ, ಅದು ಅಸತ್ಯ. 1956ರ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಜನ್ಮತಃ ಪಾಲುಂಟೆಂದು ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅದು ಬಂದಿತು. ಉಪಾಧ್ಯಾಯಿನಿಯರು, ವೈದ್ಯೆಯರು, ಬ್ಯಾಂಕಿನ ಉದ್ಯೋಗಸ್ಥೆಯರು, ಅಂಗಡಿ ನಡೆಸುವವರು ತಮ್ಮ ಸಂಪಾದನೆಯಿಂದ ಕೊಡುತ್ತಾರೆ. ಆದಾಯ ತೆರಿಗೆಯ ರಿಯಾಯಿತಿ ಬೇಕಾದಾಗ ಟ್ರಸ್ಟಿನ ಗುಮಾಸ್ತರು ಆಕೆಯ ಪ್ಯಾನ್ ಸಂಖ್ಯೆ ಕೇಳಿ, ರಸೀದಿಯನ್ನು ಆಕೆಯ ಹೆಸರಿಗೇ ಹರಿದುಕೊಡುತ್ತಾರೆ. ಫಲಕದ ಕಲ್ಲು ಬರುವ ಹೊತ್ತಿಗೆ ಅದೇ ದಾನ ಆತನದಾಗಿರುತ್ತದೆ. ಸರ್ಕಾರಕ್ಕೆ ತೋರಿಸುವ ಕಾಗದದಲ್ಲಿ ಸತ್ಯ, ದೇವರ ಎದುರಿನ ಕಲ್ಲಿನಲ್ಲಿ ಅಸತ್ಯ. ಅಣುವ್ರತಗಳ ಬಗ್ಗೆ ಉಪನ್ಯಾಸ ಏರ್ಪಡಿಸುವ ಆಡಳಿತ ಮಂಡಳಿಗಳು ಇದು ಸತ್ಯಾಣುವ್ರತಕ್ಕೆ ಒಪ್ಪುವುದೇ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ಅಚೌರ್ಯಾಣುವ್ರತಕ್ಕೆ ಒಪ್ಪುವುದೇ ಎಂದು ಒಮ್ಮೆ ವಿಚಾರ ಮಾಡಬೇಕು.

ಈ ಮಾತಿಗೆ ಸಾಮಾನ್ಯವಾಗಿ ಬರುವ ಉತ್ತರ ಗುಪ್ತದಾನದ್ದು. ದಾನಿಗೆ ಹೆಸರಿನ ಹಂಬಲ ಇರಬಾರದು. ಮಾನಕಷಾಯವನ್ನು ಗೆಲ್ಲಬೇಕಾದಲ್ಲಿ ಮಾನವನ್ನೇ ಬೆಳೆಸುವುದೇಕೆ ಎಂದು ಹಿರಿಯರು ಕೇಳುತ್ತಾರೆ. ಗಂಭೀರವಾದ ಪ್ರಶ್ನೆಯಿದು, ಗೌರವಕ್ಕೂ ಅರ್ಹವಾದುದು. ಎಲ್ಲ ಫಲಕಗಳನ್ನೂ ಕಿತ್ತುಹಾಕಿ, ಯಾರ ಹೆಸರನ್ನೂ ಬರೆಯಬಾರದೆಂದು ಒಂದು ಟ್ರಸ್ಟು ನಿರ್ಣಯ ಮಾಡಿದರೆ ಅದಕ್ಕೆ ಕೈಮುಗಿಯಬೇಕು. ಆದರೆ ನಿರಹಂಕಾರದ ಈ ಉಪದೇಶ ಯಾವಾಗಲೂ ಹೆಂಡತಿಗೇ ಏಕೆ? ಗಂಡನ ಹೆಸರು ನಾಲ್ಕಿಂಚಿನ ಅಕ್ಷರದಲ್ಲಿ ಕೊರೆಯಿಸುವಾಗ ಮಾನಕಷಾಯ ನೆನಪಾಗುವುದಿಲ್ಲ; ಅವಳ ಹೆಸರಿನ ಪ್ರಸ್ತಾಪ ಬಂದ ಕೂಡಲೇ ನೆನಪಾಗುತ್ತದೆ. ಅವಳ ದಾನ ಗುಪ್ತವಾಗಿಯೂ ಉಳಿಯುವುದಿಲ್ಲ. ಬಹಿರಂಗವಾಗಿ ಇನ್ನೊಬ್ಬರದಾಗುತ್ತದೆ.

ಶಾಸನಗಳಲ್ಲಿ ಹೆಸರು ಪಡೆದವರೆಲ್ಲ ರಾಣಿಯರು, ದಂಡನಾಯಕರ ಮಡದಿಯರು; ಸಾಮಾನ್ಯ ಹೆಂಗಸರ ಹೆಸರು ಅಂದೂ ಕಲ್ಲಿಗೆ ಏರಲಿಲ್ಲ ಎಂಬುದು ಮತ್ತೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಹೊಲದಲ್ಲಿ ದುಡಿದವಳ ಹೆಸರು ಅಂದೂ ಅಳಿಯಿತು. ಆದರೂ ಬೆಳಗೊಳದ ಚಂದ್ರಗಿರಿಯ ತೇರಿನ ಬಸದಿಯ ಶಾಸನ 1117ರಲ್ಲಿ ಹೇಳುವುದು ಮಾಚಿಕಬ್ಬೆ, ಶಾಂತಿಕಬ್ಬೆ ಎಂಬ ಇಬ್ಬರ ಹೆಸರನ್ನು. ಅವರು ವ್ಯಾಪಾರಿಗಳಾದ ಪೊಯ್ಸಳಸೆಟ್ಟಿ, ನೇಮಿಸೆಟ್ಟಿಯರ ತಾಯಂದಿರು. ಊರೊಳಗಿನ ಮಂಗಾಯಿ ಬಸದಿಯನ್ನು ಕಟ್ಟಿಸಿದ ಮಂಗಾಯಿ ರಾಜನರ್ತಕಿ. 1181ರ ಅಕ್ಕನ ಬಸದಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದನ್ನು ಕಟ್ಟಿಸಿದ ಆಚಿಯಕ್ಕ ಜಿನಭಕ್ತೆ. ಗಂಡ ಚಂದ್ರಮೌಳಿ ವೀರಬಲ್ಲಾಳನ ಮಂತ್ರಿ, ಬ್ರಾಹ್ಮಣ. ಗಂಡನ ಮತ ಬೇರೆಯಾಗಿದ್ದರೂ ಹೆಂಡತಿಯ ಧರ್ಮಕಾರ್ಯ ಅವಳ ಹೆಸರಿನಲ್ಲೇ ಉಳಿಯಿತು. ಸ್ವತಃ ಗಂಗರಾಜನು ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಕಟ್ಟಿಸಿದಾಗ ‘ಮಾತೃಶ್ರೀ’ ಎಂದು ಬರೆಯಿಸಿ ಸುಮ್ಮನಾಗಲಿಲ್ಲ; ಅವಳ ಹೆಸರನ್ನು ಬರೆಯಿಸಿದನು. ಆ ಕಾಲದವರು ಸ್ತ್ರೀಸ್ವಾತಂತ್ರ್ಯದ ಪ್ರತಿಪಾದಕರೇನೂ ಆಗಿರಲಿಲ್ಲ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದ ಕಾಲವದು. ಅಂಥ ಕಾಲಕ್ಕೂ ದಾನ ಯಾರದೆಂಬ ಲೆಕ್ಕದಲ್ಲಿ ಪ್ರಾಮಾಣಿಕತೆಯಿತ್ತು.

ಮತ್ತೆ ಬಿಳಿಗೆರೆಯ ಕಡೆಗೆ ನೋಡಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹದಿನೆಂಟು ತುಂಬಿದ ಹಿರಿಯ ಹೆಣ್ಣೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಕರ್ನಾಟಕ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಬರುವಂತೆ ರೂಪಿಸಿದ್ದು. ಬಿಳಿಗೆರೆಯಂಥ ಹೋಬಳಿ ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ನಂಜಮ್ಮನ ಚೀಟಿಯಲ್ಲಿ ಮೊದಲ ಹೆಸರು ನಂಜಮ್ಮನದೇ. ಅಕ್ಕಿ ಅಳೆಯುವ ಅಂಗಡಿಯ ದಾಖಲೆಗೆ ಸಾಧ್ಯವಾದದ್ದು, ಅತ್ತಿಮಬ್ಬೆಯ ಪರಂಪರೆಯವರೆಂದು ಹೇಳಿಕೊಳ್ಳುವ ಬಸದಿಯ ಗೋಡೆಗೆ ಅಸಾಧ್ಯವಾಗಿರುವುದು ನಾಚಿಕೆಯ ಸಂಗತಿ. ಪಡಿತರ ಚೀಟಿಯ ನಂಜಮ್ಮ ಯಾರ ಧರ್ಮಪತ್ನಿಯೆಂದು ಆ ಅಂಗಡಿಯವನು ಮೊದಲು ಕೇಳುವುದಿಲ್ಲ.

ಟ್ರಸ್ಟುಗಳು ಮಾಡಬೇಕಾದದ್ದು ಬಹಳವಿಲ್ಲ. ಇನ್ನು ಮುಂದೆ ಬರೆಯುವ ಫಲಕಗಳಲ್ಲಿ, ರಸೀದಿಯಲ್ಲಿ ಯಾರ ಹೆಸರಿದೆಯೋ ಅದೇ ಹೆಸರು ಬರಬೇಕು. ಇಬ್ಬರೂ ಕೂಡಿ ಕೊಟ್ಟಿದ್ದರೆ ಇಬ್ಬರ ಹೆಸರೂ ಪೂರ್ತಿಯಾಗಿ ಬರಬೇಕು. ಆಮಂತ್ರಣ ಪತ್ರಿಕೆಯಲ್ಲಿ ದಂಪತಿಗಳು ಎಂಬ ಪದವನ್ನು ಬಿಟ್ಟು ಆಕೆಯ ಹೆಸರನ್ನು ಅಚ್ಚು ಹಾಕಿಸಬೇಕು. ಕಲ್ಲಿನಲ್ಲಿ ಸ್ಥಳ ಸಾಲದು, ಕೊರೆಯುವವರು ಅಕ್ಷರಕ್ಕಿಷ್ಟೆಂದು ಹಣ ಕೇಳುತ್ತಾರೆ ಎಂದು ಕಾರ್ಯದರ್ಶಿಗಳು ಹೇಳುವುದುಂಟು. ಧರ್ಮಪತ್ನಿ ಎಂಬ ಮಾತಿಗೆ ನಾಲ್ಕು ಅಕ್ಷರ. ಜಕ್ಕಿಯಬ್ಬೆ ಎಂಬ ಹೆಸರಿಗೂ ನಾಲ್ಕೇ.

ಹಳೆಯ ಫಲಕಗಳನ್ನು ಒಡೆಯಬೇಕಾಗಿಲ್ಲ. ಹಿಂದಿನ ರಸೀದಿ ಪುಸ್ತಕಗಳ ಅಡಿಪ್ರತಿಗಳು ಟ್ರಸ್ಟಿನ ಕಚೇರಿಯ ಕಪಾಟುಗಳಲ್ಲಿ ಕಟ್ಟುಗಟ್ಟಲೆ ಇರುತ್ತವೆ. ಕೆಲವನ್ನು ಗೆದ್ದಲು ತಿಂದಿರಬಹುದು. ಊರಿನ ಕಾಲೇಜಿನಲ್ಲಿ ಓದುವ ನಾಲ್ವರು ಹೆಣ್ಣುಮಕ್ಕಳನ್ನು ಒಂದು ವಾರ ಕೂರಿಸಿ, ಅವುಗಳಲ್ಲಿರುವ ಹೆಂಗಸರ ಹೆಸರುಗಳನ್ನೂ ಕೊಟ್ಟ ಮೊತ್ತವನ್ನೂ ತಿಂಗಳು ವರ್ಷ ಸಹಿತ ಬರೆದು ತೆಗೆಯಿಸಿ, ಮುಂಬರುವ ಮಹಾವೀರ ಜಯಂತಿಯ ದಿನ ಆ ಪಟ್ಟಿಯನ್ನು ಬಸದಿಯ ಮುಖಮಂಟಪದಲ್ಲಿ ಗಟ್ಟಿಯಾಗಿ ಓದಿಸಬಹುದು.